ಹಕ್ಕಿ ಸಂಘದ ಖಜಾಂಚಿಗಿರಿ

ಹಕ್ಕಿ ನೋಡುವ ಸಂಘದ ಕಾರ್ಯಕಾರಿ ಸಮಿತಿಗೆ ಸೇರಿದರೆ ಹಕ್ಕಿ ಜಾಸ್ತಿ ನೋಡಬಹುದು ಅಂತ ಯಾರಾದರೂ ಅಂದುಕೊಂಡಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಹಾಗೇನೂ ಇಲ್ಲ. ಖಜಾಂಚಿಯಾಗಿದ್ದ ಅವಧಿಯಲ್ಲಿ ನಾನು ನೋಡಿದ ಮಿಂಚುಳ್ಳಿಗಳಿಗಿಂತ ನೋಡಿದ ಓಚರ್‌ಗಳೇ ಜಾಸ್ತಿ. ಈ ಕೆಲಸದ ಬಗ್ಗೆ ಯಾರೂ ಬರೆಯುವುದೂ ಇಲ್ಲ. ಹಕ್ಕಿ ಫೋಟೋ ಹಾಕುತ್ತಾರೆ, ಕೆರೆ ಹಾಳಾಯಿತು ಅಂತ ಬೈಯುತ್ತಾರೆ. ಆದರೆ ಸಂಘದ ಹೆಸರಲ್ಲಿ ಒಂದು ಅರ್ಜಿ ಹೋಗಿ, ಅದಕ್ಕೆ ಆಫೀಸಿನವರು ಉತ್ತರ ಕೊಡುವ ಹಾಗೆ ಆಗಬೇಕಾದರೆ ಹಿಂದೆ ಏನೆಲ್ಲ ಸರಿಯಿರಬೇಕು ಅನ್ನೋದು ಯಾರಿಗೂ ಬೇಡದ ವಿಷಯ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ನೋಡುವವಳು. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತಿದ್ದೆ. ಅಲ್ಲಿ ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡವರ ಪರಿಚಯವಾಯಿತು, ನಾಮದ ಕೋಳಿ ಯಾವುದು ಗುಳುಮುಳುಕ ಯಾವುದು ಅಂತ ಕಲಿತೆ, ಚಂದಾ ಕಟ್ಟಿ ಸದಸ್ಯೆಯಾದೆ. ಒಂದು ವಾರ್ಷಿಕ ಸಭೆಯಲ್ಲಿ "ಈ ಮೇಡಂ ಅಕೌಂಟ್ಸ್ ನೋಡ್ತಾರಂತೆ" ಅಂತ ಯಾರೋ ಹಿಂದಿನ ಸಾಲಿನಿಂದ ಹೇಳಿದರು. ಅಷ್ಟೇ. ಸೂಚಕರು ಒಬ್ಬರು, ಅನುಮೋದಕರು ಒಬ್ಬರು, ಚಪ್ಪಾಳೆ. ನಮ್ಮ ಕಡೆ ಬಹುತೇಕ ಸಂಘಗಳಲ್ಲಿ ಪದಾಧಿಕಾರಿಗಳ ಆಯ್ಕೆ ಆಗೋದೇ ಹೀಗೆ.

ಹಳೇ ಸಮಿತಿಯಿಂದ ನನ್ನ ಕೈಗೆ ಬಂದದ್ದು ಒಂದು ಬಟ್ಟೆ ಅಂಗಡಿಯ ಕ್ಯಾರಿಬ್ಯಾಗ್. ಅದರೊಳಗೆ ಅರ್ಧ ಮುಗಿದ ರಸೀದಿ ಪುಸ್ತಕ, ಎಂಟ್ರಿ ಹಾಕಿಸದೆ ಬಿಟ್ಟಿದ್ದ ಪಾಸ್‌ಬುಕ್, ನಡಾವಳಿ ಪುಸ್ತಕ, ಬೈಲಾದ (ಸಂಘದ ನಿಯಮಾವಳಿಯ) ಜೆರಾಕ್ಸ್, ಜೊತೆಗೆ ಯಾರದ್ದೋ ಮದುವೆ ಆಮಂತ್ರಣ. ನಡಾವಳಿ ಪುಸ್ತಕದಲ್ಲಿ ಸಭೆಗಳಿದ್ದವು, ಸಹಿಗಳೂ ಇದ್ದವು. ಆದರೆ ಎಷ್ಟೋ ವರ್ಷದಿಂದ ಪದಾಧಿಕಾರಿಗಳ ಪಟ್ಟಿಯನ್ನು, ಆಡಿಟ್ ಆದ ಲೆಕ್ಕವನ್ನು ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಿದ ಗುರುತೇ ಇರಲಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇಂಥ ಸಂಘಗಳು ನಡೆಯೋದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ. ಏಳು ಜನ ಸೇರಿದರೆ ಸಂಘ ಮಾಡಬಹುದು. ಮಾಡೋದು ಸುಲಭ, ಉಳಿಸಿಕೊಳ್ಳೋದೇ ಕಷ್ಟ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು, ಸಭೆಯಾದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ, ಲೆಕ್ಕಪತ್ರ ಎಲ್ಲವೂ ಸಹಕಾರ ಇಲಾಖೆಯ ಆ ಆಫೀಸಿಗೆ ಹೋಗಬೇಕು. ಹೋಗದಿದ್ದರೆ ಸಂಘ ಕಾಗದದ ಮೇಲೆ ಅರ್ಧ ಸತ್ತ ಹಾಗೆ. ಹೊರಗಡೆ ನೀವು ಬ್ಯಾನರ್ ಹಿಡಿದು ಎಷ್ಟೇ ಕೂಗಿದರೂ, ಮೇಜಿನ ಆ ಕಡೆ ಕೂತವರು "ನಿಮ್ಮ ಸಂಘದ ರಿನ್ಯೂವಲ್ ಆಗಿದೆಯಾ?" ಅಂತ ಒಂದು ಪ್ರಶ್ನೆ ಕೇಳಿದರೆ ಮುಗೀತು. ನಮಗೆ ಒಂದು ಕಡೆ ನಿಜವಾಗಲೂ ಹಾಗೆ ಕೇಳಿದರು. ಕೆರೆಗೆ ಕಟ್ಟಡದ ಡೆಬ್ರಿಸ್ ಸುರಿಯುತ್ತಿದ್ದಾರೆ ಅಂತ ದೂರು ಕೊಡಲು ಹೋಗಿದ್ದೆವು. ಡೆಬ್ರಿಸ್ ವಿಷಯ ಹೋಗಿ ನಮ್ಮ ವಿಷಯವೇ ಚರ್ಚೆಯಾಯಿತು.

ಹಾಗಾಗಿ ಮೊದಲ ಕೆಲಸ ಹಳೇ ಬಾಕಿ ತೀರಿಸೋದು. ಬಿಲ್ ಇದ್ದವನ್ನು ವರ್ಷವಾರು ಜೋಡಿಸಿದೆ, ಇಲ್ಲದವಕ್ಕೆ ಖರ್ಚು ಮಾಡಿದವರ ಮನೆಗೇ ಹೋಗಿ ಕೇಳಿದೆ. ಒಬ್ಬರು ಹಿರಿಯರು ಪಾಪ, ಹತ್ತು ವರ್ಷದ ಹಿಂದಿನ ಜೀಪು ಬಾಡಿಗೆ ಚೀಟಿಯನ್ನು ಪಂಚಾಂಗದೊಳಗೆ ಇಟ್ಟುಕೊಂಡಿದ್ದರು! ದಂಡ ಕಟ್ಟಿ ಒಂದೊಂದೇ ವರ್ಷದ್ದು ಸಲ್ಲಿಸಿದೆವು. ನಮ್ಮ ಆಫೀಸಿನ ಆಡಿಟರ್ ಫೀಸು ತಗೊಳ್ಳಲಿಲ್ಲ. "ಕೊಕ್ಕರೆ ಹೆಸರಲ್ಲಿ ಬಿಟ್ಟಿದೀನಿ, ಮತ್ತೆ ಮತ್ತೆ ಬರಬೇಡಿ" ಅಂದರು.

ಬೈಲಾ ಓದುವಾಗ ಇನ್ನೊಂದು ತಮಾಷೆ ಕಂಡಿತು. ನಮ್ಮ ಸಂಘ ನೋಂದಣಿಯಾದಾಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಕಾರ್ಯಕ್ಷೇತ್ರ "ಚಿತ್ರದುರ್ಗ ಜಿಲ್ಲೆ" ಅಂತಿತ್ತು. ಆಮೇಲೆ 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆಯಾಯಿತು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಅಂದರೆ ಸೂಳೆಕೆರೆ, ಈಗ ಶಾಂತಿಸಾಗರ ಅಂತ ಬೋರ್ಡಿರುವ ಅಷ್ಟು ದೊಡ್ಡ ಕೆರೆ, ನಾವು ಪ್ರತಿ ವರ್ಷ ಹೋಗಿ ಹಕ್ಕಿ ಎಣಿಸುವ ಕೆರೆ, ನಮ್ಮ ಬೈಲಾ ಪ್ರಕಾರ ನಮ್ಮ ಕಾರ್ಯಕ್ಷೇತ್ರದಲ್ಲೇ ಇಲ್ಲ. ಹಕ್ಕಿಗಳಿಗೇನೋ ಜಿಲ್ಲೆ ಗಡಿ ಇಲ್ಲ, ಸರಿ, ಆದರೆ ಅರ್ಜಿಗಳಿಗೆ ಇದೆ. ವಿಶೇಷ ಸಾಮಾನ್ಯ ಸಭೆ ಕರೆದು, ನೋಟಿಸ್ ಕೊಟ್ಟು, ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಹೆಸರು ಸೇರಿಸಿ ತಿದ್ದುಪಡಿ ಮಾಡಿಸಿದೆವು. ಆ ಸಭೆಗೆ ಕೋರಂ ಆಗುವಷ್ಟು ಜನರನ್ನು ಸೇರಿಸಲು ಬೆಣ್ಣೆ ದೋಸೆ ಆಸೆ ತೋರಿಸಬೇಕಾಯಿತು. ಲೆಕ್ಕದಲ್ಲಿ ಅದು "ಸಭಾ ವೆಚ್ಚ".

ಈಗ ಸಮಿತಿಯ ಬಗ್ಗೆ. ಅಧ್ಯಕ್ಷರು ಡಾಕ್ಟ್ರು, ಅವರಿಗೆ ಪೇಷೆಂಟ್ಸ್ ಮುಗಿದ ಮೇಲೆ ಸಭೆ, ಅಂದರೆ ರಾತ್ರಿ ಒಂಬತ್ತು. ಕಾರ್ಯದರ್ಶಿ ಹೈಸ್ಕೂಲ್ ಮೇಷ್ಟ್ರು, ಹಕ್ಕಿ ವಿಷಯದಲ್ಲಿ ನಮ್ಮೆಲ್ಲರ ಗುರು. ಮೂವರು ಫೋಟೋಗ್ರಾಫರ್‌ಗಳು, ಒಬ್ಬಳು ಕಾಲೇಜಿನ ಹುಡುಗಿ, ಚಿತ್ರದುರ್ಗದ ಕಡೆಯಿಂದ ಇಬ್ಬರು, ಒಬ್ಬರು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದ ಇಂಜಿನಿಯರ್ ಸಾಹೇಬ್ರು. ಇವರಿಗೆ ಹಕ್ಕಿ ಗೊತ್ತಿಲ್ಲ. ಬೆಳ್ಳಗಿದ್ದದ್ದೆಲ್ಲ ಬೆಳ್ಳಕ್ಕಿ, ಕರ್ರಗಿದ್ದದ್ದೆಲ್ಲ ಕಾಗೆ. ಇವರನ್ನು ಯಾಕೆ ತಗೊಂಡಿರಿ ಅಂತ ಫೋಟೋಗ್ರಾಫರ್‌ಗಳ ಗೊಣಗಾಟ. ಕೊನೆಗೆ ನಮ್ಮನ್ನು ಕಾಪಾಡಿದ್ದು ಈ ಸಾಹೇಬ್ರೇ, ಅದನ್ನು ಮುಂದೆ ಹೇಳುತ್ತೇನೆ. ಇನ್ನೊಬ್ಬರನ್ನು ಮೇಷ್ಟ್ರು ಹಟ ಹಿಡಿದು ಸೇರಿಸಿಕೊಂಡರು, ಮೀನುಗಾರರ ಸಹಕಾರ ಸಂಘದ ಒಬ್ಬ ಅಣ್ಣ. ಮೊದಲ ಸಭೆಗೆ ಬಂದವರು ಬಾಗಿಲ ಹತ್ತಿರವೇ ಕೂತರು. "ನಾನು ಬಲೆ ಬಿಡೋನು, ನೀವು ಬಲೆ ಬೇಡ ಅನ್ನೋರು, ನಂದೇನ್ರಿ ಇಲ್ಲಿ ಕೆಲಸ?" ಅಂತ ಕೇಳಿದರು. ಒಳ್ಳೇ ಪ್ರಶ್ನೆ. ಅವತ್ತು ಯಾರ ಹತ್ತಿರವೂ ಉತ್ತರ ಇರಲಿಲ್ಲ.

ದುಡ್ಡಿನ ಕಥೆಗೆ ಬರುತ್ತೇನೆ. ಚಂದಾ ದುಡ್ಡಲ್ಲಿ ವರ್ಷ ಕಳೆಯೋದು ಕಷ್ಟ, ದೇಣಿಗೆ ಬೇಕೇ ಬೇಕು. ದೇಣಿಗೆ ಕೊಡುವವರು ಕೇಳುವ ಮೊದಲ ಪ್ರಶ್ನೆ "80ಜಿ ಇದೆಯಾ?" ಅಂತ. ಇರಲಿಲ್ಲ. ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ ಮೊದಲು ಸಂಘಕ್ಕೆ 12ಎ ಅಂತ ಒಂದು ನೋಂದಣಿ, ಆಮೇಲೆ ದಾನಿಗಳಿಗೆ ವಿನಾಯಿತಿ ಸಿಗಲು 80ಜಿ. ಮೊದಲಿನ ಹಾಗೆ ಒಂದು ಸಲ ತಗೊಂಡರೆ ಜೀವಮಾನಕ್ಕೆ ಅನ್ನೋದು ಈಗ ಇಲ್ಲ, 2021ರಿಂದ ಅವಧಿ ಕಟ್ಟಿದ್ದಾರೆ, ಅವಧಿ ಮುಗಿಯೋದರೊಳಗೆ ನವೀಕರಿಸಬೇಕು. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ದಾನಿಗೆ ವಿನಾಯಿತಿ ಇಲ್ಲ. ಯಾರು ಎಷ್ಟು ಕೊಟ್ಟರು, ಅವರ ಪಾನ್ ಯಾವುದು ಅನ್ನೋದನ್ನು ಮೇ 31ರೊಳಗೆ 10ಬಿಡಿ ಅನ್ನೋ ಫಾರಂನಲ್ಲಿ ಹಾಕಬೇಕಿತ್ತು. ಇದನ್ನೆಲ್ಲ ಸಭೆಯಲ್ಲಿ ವಿವರಿಸಿದಾಗ ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ಹೊರಗೆ ಹಕ್ಕಿಯೂ ಇರಲಿಲ್ಲ, ರಾತ್ರಿ ಹತ್ತೂವರೆ.

ತಮಾಷೆ ಅಂದರೆ, ಇಷ್ಟೆಲ್ಲ ಮಾಡಿ 80ಜಿ ತರುವಷ್ಟರಲ್ಲಿ ಅರ್ಧ ದಾನಿಗಳು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದರು. ಅದರಲ್ಲಿ ಈ ವಿನಾಯಿತಿ ಇಲ್ಲವೇ ಇಲ್ಲ. ಆದರೂ ಕೊಟ್ಟರು, ಪುಣ್ಯಾತ್ಮರು.

ಎಲ್ಲ ದುಡ್ಡೂ ತಗೊಳ್ಳೋಕೆ ಆಗಲ್ಲ. ಒಂದು ಸಲ ಕೆರೆ ಕೆಲಸ ಹಿಡಿದಿದ್ದ ಗುತ್ತಿಗೆದಾರರ ಕಡೆಯವರು ಬಂದು, "ನೀವು ಮಕ್ಕಳಿಗೆ ಹಕ್ಕಿ ಕಾರ್ಯಕ್ರಮ ಮಾಡ್ತೀರಲ್ಲ, ಊಟ, ಟೀ ಶರ್ಟ್, ಪೆಂಡಾಲು ಎಲ್ಲ ನಮ್ದು" ಅಂದರು. ಸಂಘದ ಖಾತೆಯಲ್ಲಿ ಆಗ ಇದ್ದ ಮೊತ್ತ ನೋಡಿದರೆ ಅಳು ಬರುವಂತಿತ್ತು. ಡಾಕ್ಟ್ರು ಅರೆಮನಸ್ಸಲ್ಲಿದ್ದರು. ಇಂಜಿನಿಯರ್ ಸಾಹೇಬ್ರು ಮಾತ್ರ ನನ್ನ ಕಡೆ ತಿರುಗಿ, "ಮೇಡಂ, ಅವರ ಬ್ಯಾನರ್ ಕೆಳಗೆ ನಿಂತು ಅವರ ಎಸ್ಟಿಮೇಟ್ ಬಗ್ಗೆ ಮಾತಾಡೋಕಾಗುತ್ತಾ?" ಅಂದರು. ಬೇಡ ಅಂತ ನಿರ್ಣಯ ಬರೆದೆವು. ನಡಾವಳಿಯಲ್ಲಿ ಕಾರಣವನ್ನೂ ಬರೆಯಲಿ ಅಂತ ನಾನು ಹಟ ಮಾಡಿದೆ. ಮುಂದಿನ ಸಮಿತಿಯವರು "ಅವಾಗ ಯಾಕೆ ಬೇಡ ಅಂದ್ರು" ಅಂತ ಕೇಳಬಾರದು ನೋಡಿ. ಆ ವರ್ಷ ಮಕ್ಕಳಿಗೆ ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಕಳಿಸಿದೆವು. ಯಾವ ಮಗುವೂ ಟೀ ಶರ್ಟ್ ಕೇಳಲಿಲ್ಲ.

ಆ ಕೆರೆ ಕೆಲಸವೇ ನಮ್ಮ ಅವಧಿಯ ದೊಡ್ಡ ವಿಷಯ. ಕೆರೆಯ ಹೆಸರು, ಇಲಾಖೆಯ ಹೆಸರು ಎರಡೂ ಬೇಡ. ಅಭಿವೃದ್ಧಿ ಅಂತ ಒಂದು ಯೋಜನೆ ಬಂತು. ಸುತ್ತಲೂ ವಾಕಿಂಗ್ ಪಾತ್, ಲೈಟು, ನಡುವೆ ಕಾರಂಜಿ, ದೋಣಿ. ಊರಿನವರಿಗೆ ಖುಷಿ. ನಮ್ಮ ಸಂಘದ ಅರ್ಧ ಜನಕ್ಕೂ ಖುಷಿಯೇ, ಯಾಕಂದರೆ ಅವರೂ ವಾಕಿಂಗ್ ಹೋಗುವವರೇ ಅಲ್ವಾ. ಮೇಷ್ಟ್ರಿಗೆ ಮಾತ್ರ ನಿದ್ದೆ ಬರಲಿಲ್ಲ. ಅವರ ಚಿಂತೆ ಎಲ್ಲ ಹಿನ್ನೀರಿನ ಕಡೆಯದು. ಕೆರೆ ಏರಿಯ ಹತ್ತಿರ ನೀರು ಆಳ, ಅಲ್ಲಿ ಇರೋದು ನೀರುಕಾಗೆ, ಗುಳುಮುಳುಕ. ಎದುರು ದಡದಲ್ಲಿ, ಹಳ್ಳ ಬಂದು ಸೇರುವ ಕಡೆ, ನೀರು ಮೊಣಕಾಲಿಗೂ ಬರಲ್ಲ. ಕೆಸರು, ಜಂಬು ಹುಲ್ಲು, ನಾಲ್ಕು ಕರಿಜಾಲಿ ಮರ. ನೋಡಿದವರಿಗೆ ಗಲೀಜು ಅನ್ನಿಸುವ ಜಾಗ. ಆದರೆ ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ದೇವನಕ್ಕಿ, ಚಳಿಗಾಲಕ್ಕೆ ಬರುವ ಸೂಜಿಬಾಲದ ಬಾತು, ಇವೆಲ್ಲ ಇರೋದು ಅಲ್ಲೇ. ಗೊರವಗಳಿಗೆ ಈಜು ಬರಲ್ಲ ಅಂತಲ್ಲ, ಅವಕ್ಕೆ ಊಟ ಇರೋದು ಒದ್ದೆ ಕೆಸರಿನಲ್ಲಿ. ಜೆಸಿಬಿ ಬಿಟ್ಟು ಇಡೀ ಅಂಗಳವನ್ನು ಒಂದೇ ಆಳಕ್ಕೆ ತೋಡಿ, ಸುತ್ತ ಕಲ್ಲು ಪಿಚಿಂಗ್ ಮಾಡಿದರೆ, ಅಂದರೆ ದಡಕ್ಕೆಲ್ಲ ಕಲ್ಲು ಹೊದಿಸಿದರೆ, ನೀರೇನೋ ಜಾಸ್ತಿ ನಿಲ್ಲುತ್ತೆ, ಆದರೆ ಆ ಊಟದ ತಟ್ಟೆ ಹೋಗಿಬಿಡುತ್ತೆ.

ಮೊದಲು ಯೋಜನೆಯ ನಕ್ಷೆ ಬೇಕಿತ್ತು. ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಕರ್ನಾಟಕದಲ್ಲಿ ಆ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು, ಹತ್ತು ರೂಪಾಯಿ ಶುಲ್ಕ. ಮೇಷ್ಟ್ರು ಬರೆದ ಮೊದಲ ಅರ್ಜಿ ಮೂರು ಪುಟ ಇತ್ತು, ಅದರಲ್ಲಿ ಒಂದು ಪುಟ ಸೈಬೀರಿಯಾ ಬಗ್ಗೆ. ಎಲ್ಲ ಹೊಡೆದು ಹಾಕಿ "ಸದರಿ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ನಕ್ಷೆಯ ದೃಢೀಕೃತ ಪ್ರತಿ" ಅಂತ ಒಂದೇ ಸಾಲಿಗೆ ಇಳಿಸಿದೆವು. ಮೂವತ್ತು ದಿನದ ಗಡುವು ದಾಟಿತು, ಮೇಲ್ಮನವಿ ಹಾಕಿದೆವು, ಆಮೇಲೆ ಕಾಗದ ಬಂತು.

ಕಾಲೇಜಿನ ಹುಡುಗಿ ಕಾನೂನು ಓದಿಕೊಂಡು ಬಂದಿದ್ದಳು. ಜೌಗು ಪ್ರದೇಶಗಳ ರಕ್ಷಣೆಗೆ ಕೇಂದ್ರದ 2017ರ ನಿಯಮಗಳಿವೆ, ಅವನ್ನಿಟ್ಟುಕೊಂಡು ತಡೆಯಬಹುದು ಅಂತ ಅವಳ ಉತ್ಸಾಹ. ಕೂತು ಓದಿದೆವು. ಆ ನಿಯಮದ ವ್ಯಾಖ್ಯೆಯಲ್ಲೇ ಇದೆ: ಕುಡಿಯುವ ನೀರಿಗೆ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ ಜಲಾಶಯಗಳು ಇದರಲ್ಲಿ ಬರಲ್ಲ. ಭತ್ತದ ಗದ್ದೆಯೂ ಬರಲ್ಲ, ನದಿ ಪಾತ್ರವೂ ಬರಲ್ಲ. ಈಗ ನಮ್ಮ ಬಯಲುಸೀಮೆಯಲ್ಲಿ ತಾನಾಗಿ ಹುಟ್ಟಿದ ಕೆರೆ ಎಲ್ಲಿದೆ ಹೇಳಿ? ಕುಂದವಾಡ ಕೆರೆ ಊರಿಗೆ ನೀರು ಕೊಡಲು ಮಾಡಿದ್ದು, ಸೂಳೆಕೆರೆ ಗದ್ದೆಗಳಿಗೆ ನೀರುಣಿಸುವ ಕೆರೆ, ದೇವರಬೆಳಕೆರೆ ನೀರಾವರಿ ಪಿಕಪ್ಪು (ಸಣ್ಣ ಅಣೆ), ವಾಣಿವಿಲಾಸ ಸಾಗರ 1907ರ ಅಣೆಕಟ್ಟು. ಹಕ್ಕಿಗಳಿಗೆ ಬೇಕಾದದ್ದೆಲ್ಲ ನಮ್ಮ ಹಿರಿಯರು ಕೈಯಾರೆ ಕಟ್ಟಿದ್ದೇ, ಅದಕ್ಕೇ ಅವು ಆ ನಿಯಮದ ಹೊರಗೆ. ಆ ರಾತ್ರಿ ಹುಡುಗಿಗೆ ಸಿಟ್ಟು ಬಂದು ಪ್ರಿಂಟ್‌ಔಟ್ ಎಸೆದು ಹೋದಳು. 2017ರಲ್ಲೇ ಸುಪ್ರೀಂ ಕೋರ್ಟು ದೇಶದ ಎರಡು ಲಕ್ಷಕ್ಕೂ ಹೆಚ್ಚು ಜೌಗು ಜಾಗಗಳಿಗೆ ರಕ್ಷಣೆ ಕೊಡಬೇಕು ಅಂದಿದೆ, ಅದನ್ನು ನಮ್ಮ ಪತ್ರದಲ್ಲಿ ಸೇರಿಸಿದೆವು. ಆದರೆ ಅದೊಂದನ್ನೇ ನಂಬಿ ಕೋರ್ಟಿಗೆ ಹೋಗುವಷ್ಟು ಶಕ್ತಿ ನಮ್ಮ ಪಾಸ್‌ಬುಕ್‌ಗೆ ಇರಲಿಲ್ಲ.

ಆಗ ಇಂಜಿನಿಯರ್ ಸಾಹೇಬ್ರು ನಕ್ಷೆ ಬಿಡಿಸಿಟ್ಟುಕೊಂಡು ಕೂತರು. ಅವರಿಗೆ ಹಕ್ಕಿ ಕಾಣಲ್ಲ, ಘನ ಮೀಟರ್ ಕಾಣುತ್ತೆ. ಹಿನ್ನೀರಿನ ಕಡೆ ಪಿಚಿಂಗ್ ಯಾಕೆ ಹಾಕಿದಾರೆ ಅಂತ ಅವರ ಪ್ರಶ್ನೆ. ಅಲೆ ಹೊಡೆಯೋದು ಏರಿಗೆ, ಅಲ್ಲಿಗೆ ಕಲ್ಲು ಬೇಕು, ಹಳ್ಳ ಬಂದು ಸೇರುವ ಕಡೆ ಕಲ್ಲು ಹಾಕಿದರೆ ಮೊದಲ ದೊಡ್ಡ ಮಳೆಗೇ ಕಿತ್ತುಕೊಂಡು ಹೋಗುತ್ತೆ. ಅದೂ ಅಲ್ಲದೆ ಹೂಳು ಮೊದಲು ಬಂದು ಕೂರೋದೇ ಆ ಕಡೆ, ಇವತ್ತು ತೋಡಿದ್ದು ನಾಲ್ಕು ಮಳೆಗಾಲಕ್ಕೆ ಮತ್ತೆ ತುಂಬುತ್ತೆ. "ಇದನ್ನ ಹಕ್ಕಿ ಉಳಿಸಿ ಅಂತ ಬರಿಬೇಡಿ. ಖರ್ಚು ಉಳಿಸಿ ಅಂತ ಬರೀರಿ" ಅಂದರು.

ಮೀನುಗಾರ ಅಣ್ಣ ಅವತ್ತು ಮೊದಲ ಸಲ ಬಾಯಿ ಬಿಟ್ಟರು. ಕಾಟ್ಲಾ, ರೋಹು ಮರಿ ನಾವು ತಂದು ಬಿಡ್ತೀವಿ, ಅವು ಎಲ್ಲಾದ್ರೂ ಬೆಳೀತವೆ. ಆದ್ರೆ ಕೊರವ ಮೀನು ಮೊಟ್ಟೆ ಇಡೋದು ಆ ಹುಲ್ಲಿನ ಸೆರಗಲ್ಲೇ, ಅದನ್ನ ತೋಡಿದ್ರೆ ನಮ್ಮ ಹೊಟ್ಟೆಗೂ ಕಲ್ಲು ಬೀಳುತ್ತೆ ಅಂದರು. ತಮ್ಮ ಸಂಘದ ಲೆಟರ್‌ಹೆಡ್‌ನಲ್ಲೂ ಒಂದು ಪತ್ರ ತಂದುಕೊಟ್ಟರು. ಹಕ್ಕಿ ಸಂಘ, ಮೀನು ಸಂಘ, ಎರಡೂ ಒಂದೇ ದಿನ ಒಂದೇ ಮಾತು ಹೇಳಿದ್ದು ಆ ಆಫೀಸಿಗೆ ಹೊಸದಿರಬೇಕು. ಬಂದವರನ್ನು ಕೂರಿಸಿ ಟೀ ತರಿಸಿದರು.

ನಮ್ಮ ಪತ್ರಕ್ಕೆ ನಿಜವಾದ ಬಲ ಕೊಟ್ಟದ್ದು ಜನವರಿ ಗಣತಿಯ ಹಾಳೆಗಳು. ಏಷ್ಯಾದ ಜಲಪಕ್ಷಿ ಗಣತಿ ಅಂತ ಪ್ರತಿ ಜನವರಿಯಲ್ಲಿ ನಡೆಯುತ್ತೆ, ಭಾರತದಲ್ಲಿ ಶುರುವಾದದ್ದು 1987ರಲ್ಲಿ. ಮೇಷ್ಟ್ರು ಅದನ್ನು ವರ್ಷ ಬಿಡದೆ ಮಾಡಿಸಿದ್ದರು, ಅದೂ ಕೆರೆಯನ್ನು ಏರಿ ಕಡೆ, ಹಿನ್ನೀರು ಕಡೆ ಅಂತ ಬೇರೆ ಬೇರೆ ಬರೆದು. ಆ ಹಾಳೆಗಳು ಇಲ್ಲದಿದ್ದರೆ ನಾವು ಆಡುವ ಮಾತೆಲ್ಲ ಬರೀ ಅಭಿಪ್ರಾಯ. ಹಾಳೆ ಇದ್ದದ್ದರಿಂದ, ಈ ಕೆರೆಯ ಚಳಿಗಾಲದ ಹಕ್ಕಿಗಳಲ್ಲಿ ಹೆಚ್ಚಿನವು ಈ ಒಂದು ಮೂಲೆಯಲ್ಲಿವೆ ಅಂತ ನಕ್ಷೆ ಮೇಲೆ ಬೆರಳಿಟ್ಟು ತೋರಿಸಲು ಆಯಿತು.

ಫಲ ಏನಾಯಿತು? ಪೂರ್ತಿ ಗೆಲುವಲ್ಲ. ಹಿನ್ನೀರಿನ ಕಡೆ ತೋಡೋದು, ಪಿಚಿಂಗ್ ಮಾಡೋದು ಕೈಬಿಟ್ಟರು. ವಾಕಿಂಗ್ ಪಾತ್ ಆಯಿತು, ಲೈಟೂ ಬಂತು, ರಾತ್ರಿ ಹತ್ತರವರೆಗೆ ಉರಿಯುತ್ತೆ. ಕರಿಜಾಲಿ ಮರಗಳಲ್ಲಿ ಎರಡನ್ನು ಯಾರೋ ಕಡಿದರು, ಯಾರು ಅಂತ ಇವತ್ತಿಗೂ ಒಬ್ಬರ ಮೇಲೆ ಒಬ್ಬರು ಹೇಳುತ್ತಾರೆ. ದೋಣಿ ಮಾತ್ರ ಬರಲಿಲ್ಲ, ಅದು ನಮ್ಮಿಂದಲ್ಲ, ದುಡ್ಡು ಸಾಲದೆ.

ಗಣತಿ ವಿಷಯ ಬಂತಲ್ಲ, ಒಂದು ಮಾತು. ಅಂಕಿ ನೋಡಿ ಹೌಹಾರಬಾರದು ಅನ್ನೋದನ್ನೂ ಸಮಿತಿ ಕಲಿಯಬೇಕಾಯಿತು. 2022ರಲ್ಲಿ ಮಳೆ ಯಾವ ಮಟ್ಟಕ್ಕಿತ್ತು ಅಂದರೆ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಎಲ್ಲ ಕೆರೆಗಳೂ ತುಂಬಿ ತುಳುಕಿದವು. ಮುಂದಿನ ಜನವರಿಯಲ್ಲಿ ನಮ್ಮ ಕೆರೆಗಳಲ್ಲಿ ಬಾತು ಕಮ್ಮಿ. ಫೋಟೋಗ್ರಾಫರ್ ಒಬ್ಬರು "ಹಕ್ಕಿಗಳು ನಾಶವಾಗುತ್ತಿವೆ" ಅಂತ ಪತ್ರಿಕಾ ಹೇಳಿಕೆಯನ್ನೇ ತಯಾರು ಮಾಡಿಕೊಂಡು ಬಂದರು. ಮೇಷ್ಟ್ರು ತಡೆದರು. ನೀರು ಎಲ್ಲ ಕಡೆ ಇದ್ದಾಗ ಹಕ್ಕಿ ಎಲ್ಲ ಕಡೆ ಚದುರುತ್ತೆ, ಆಳ ಜಾಸ್ತಿಯಾದರೆ ದಡದ ಕೆಸರೂ ಮುಳುಗುತ್ತೆ ಅಂತ ವಿವರಿಸಿದರು. ಆ 2023ರಲ್ಲೇ ಬರ ಬಂತು. ಸಣ್ಣ ಕೆರೆಗಳು ಒಣಗಿ, ನೀರಿದ್ದ ಕೆಲವೇ ಕಡೆ ಹಕ್ಕಿ ಜಾತ್ರೆ. ಅಂಕಿ ಜಾಸ್ತಿ ಬಂತು ಅಂತ ಆಗ ಖುಷಿ ಪಡೋಕೂ ಆಗಲಿಲ್ಲ. ಆ ಪತ್ರಿಕಾ ಹೇಳಿಕೆ ಇನ್ನೂ ಫೈಲಿನಲ್ಲಿದೆ, ಕಳಿಸದೇ ಇದ್ದದ್ದು.

ಗೂಡಿನ ಗಲಾಟೆ ಇನ್ನೊಂದು. ಹಳೇ ಕಲ್ಲು ಕ್ವಾರಿಯೊಂದರಲ್ಲಿ ಕೊಂಬಿನ ಗೂಬೆ ಮರಿ ಮಾಡಿತ್ತು. ನಮ್ಮ ಸಮಿತಿಯವರೇ ಒಬ್ಬರು ಫೋಟೋ ತೆಗೆದು ಜಾಗದ ಲೊಕೇಶನ್ ಸಮೇತ ಸ್ಟೇಟಸ್ ಹಾಕಿಬಿಟ್ಟರು. ವಾರದೊಳಗೆ ಬೆಂಗಳೂರಿನಿಂದ ಕಾರುಗಳು. ರಾತ್ರಿ ಫ್ಲಾಶು, ಮೊಬೈಲಿನಲ್ಲಿ ಗೂಬೆ ಕೂಗು ಹಾಕಿ ಕರೆಯೋದು, ಎಲ್ಲ. ಸಭೆಯಲ್ಲಿ ಮೇಷ್ಟ್ರು ವನ್ಯಜೀವಿ ಕಾಯ್ದೆ 1972 ತೆರೆದು ಓದಿದರು. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯೋದಷ್ಟೇ ಅಲ್ಲ, ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದೂ ಅದರಲ್ಲೇ ಸೇರುತ್ತೆ. "ಹಂಗಾದ್ರೆ ನಾನು ಬೇಟೆಗಾರನಾ?" ಅಂತ ಫೋಟೋ ಹಾಕಿದವರು ಎದ್ದು ನಿಂತರು. ಯಾರೂ ಹೌದು ಅನ್ನಲಿಲ್ಲ, ಯಾರೂ ಅಲ್ಲ ಅಂತಲೂ ಅನ್ನಲಿಲ್ಲ. ಮರಿ ಹಾರಿ ಹೋಗುವವರೆಗೆ ಗೂಡಿನ ಫೋಟೋ, ಜಾಗ ಎರಡನ್ನೂ ಸದಸ್ಯರು ಎಲ್ಲೂ ಹಾಕಬಾರದು ಅಂತ ನಿಯಮ ಮಾಡಿದೆವು. ಅವರು ರಾಜೀನಾಮೆ ಕೊಟ್ಟರು. ಸಂಘಕ್ಕೆ ಅತಿ ಹೆಚ್ಚು ದೇಣಿಗೆ ತರುತ್ತಿದ್ದವರೂ ಅವರೇ. ಖಜಾಂಚಿಯಾಗಿ ನನಗೆ ಹೊಟ್ಟೆ ಉರಿಯಿತು, ಆದರೂ ಅಂಗೀಕಾರಕ್ಕೆ ಕೈ ಎತ್ತಿದೆ.

ಚಿತ್ರದುರ್ಗದ ಸದಸ್ಯರ ಹೋರಾಟವೇ ಬೇರೆ. ಅವರದ್ದು ಹುಲ್ಲುಗಾವಲು. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನ ಮೇಯಲು ಬಿಟ್ಟ ಬಯಲುಗಳು. ಅಲ್ಲಿ ಕೃಷ್ಣಮೃಗ, ತೋಳ, ನೆಲಗುಬ್ಬಿ, ಚಳಿಗಾಲಕ್ಕೆ ಬರುವ ಸೆಳೆವಗಳು (ಹದ್ದಿನಂಥ ಬೇಟೆ ಹಕ್ಕಿಗಳು). ಒಂದು ಕಾಲಕ್ಕೆ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಕೂಡ. ಕುದಾಪುರದ ಸುತ್ತ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋದದ್ದು, ಅದು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಮ ಸಮಿತಿಗೆ ಬಂದದ್ದು ಸಣ್ಣ ವಿಷಯ. ಒಂದು ಸಂಸ್ಥೆಯವರು ಉಳಿದ ಕಾವಲಿನ ಒಂದು ತುಂಡಿನಲ್ಲಿ ಸಾವಿರ ಗಿಡ ನೆಡೋಣ, ಖರ್ಚು ನಮ್ಮದು, ನಿಮ್ಮ ಸಂಘದ ಹೆಸರು ಜೊತೆಗಿರಲಿ ಅಂದರು. ಗಿಡ ನೆಡೋದು ಬೇಡ ಅಂತ ಪರಿಸರದ ಸಂಘ ಹೇಳೋದು ಹೇಗೆ? ಡಾಕ್ಟ್ರಿಗೆ ನಂಬಿಕೆಯೇ ಬರಲಿಲ್ಲ. ದುರ್ಗದ ಸದಸ್ಯೆಯೊಬ್ಬರು, ಬಯಲಿನಲ್ಲೇ ದನ ಮೇಯಿಸಿಕೊಂಡು ಬೆಳೆದವರು, ಎದ್ದು ಹೇಳಿದರು. "ಸಾರ್, ಅದು ಖಾಲಿ ಜಾಗ ಅಲ್ಲ. ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡ್ತೈತಿ. ಮರ ಬಂದ್ರೆ ಕಾಗೆ ಬರ್ತೈತಿ, ಹದ್ದು ಕೂರ್ತೈತಿ, ಮೊಟ್ಟೆ ಉಳಿಯಲ್ಲ. ದನಕ್ಕೆ ಹುಲ್ಲೂ ಇರಲ್ಲ." ಆ ರಾತ್ರಿ ಮತಕ್ಕೆ ಹಾಕಿದೆವು. ಒಂದೇ ಮತದ ಅಂತರದಲ್ಲಿ ಗಿಡ ನೆಡೋದು ಬೇಡ ಅಂತ ತೀರ್ಮಾನವಾಯಿತು. ಆ ಸಾವಿರ ಗಿಡ ಊರೊಳಗೆ ಶಾಲೆಗಳ ಕಾಂಪೌಂಡಿಗೆ ಹೋದವು, ಒಳ್ಳೆಯದೇ ಆಯಿತು. ನನಗೆ ಕೇಳಿದರೆ ಕೆರೆಯ ಗೆಲುವಿಗಿಂತ ಈ ನಿರ್ಣಯವೇ ದೊಡ್ಡದು, ಯಾಕಂದರೆ ಇದರಲ್ಲಿ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ.

ಅವಧಿ ಮುಗಿಯಿತು. ಬೈಲಾದಲ್ಲಿ ಒಬ್ಬರೇ ಎಷ್ಟು ಸಲ ಬೇಕಾದರೂ ಇರಬಹುದು ಅಂತಿತ್ತು, ಅದನ್ನೂ ತಿದ್ದಿ, ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿಗಿಂತ ಜಾಸ್ತಿ ಬೇಡ ಅಂತ ಮಾಡಿಸಿದೆವು. ಹಿರಿಯರು ಸ್ವಲ್ಪ ಮುನಿಸಿಕೊಂಡರು. ನಾನು ಇನ್ನೊಂದು ಅವಧಿ ಇರಬಹುದಿತ್ತು, ಇರಲಿಲ್ಲ. ಇಂಜಿನಿಯರಿಂಗ್ ಓದುವ ಒಬ್ಬ ಹುಡುಗನಿಗೆ ಲೆಕ್ಕ ಒಪ್ಪಿಸಿದೆ, ಕ್ಯಾರಿಬ್ಯಾಗ್‌ನಲ್ಲಲ್ಲ, ವರ್ಷವಾರು ಬಾಕ್ಸ್ ಫೈಲಿನಲ್ಲಿ. ಅವನು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಬಿಟ್ಟ. ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಾಯಿಸಲು ನಿರ್ಣಯದ ಪ್ರತಿ, ಹಳಬರ ಸಹಿ, ಹೊಸಬರ ಫೋಟೋ, ಆಧಾರ್, ಮತ್ತೆ ನಿರ್ಣಯದ ಪ್ರತಿ ಅಂತ ಓಡಾಡಿಸಿದಾಗ ಮಾತ್ರ ಅವನಿಗೂ ಕಾಗದದ ರುಚಿ ಗೊತ್ತಾಯಿತು.

ದುರ್ಗದವರ ಹಳೇ ದೂರು ಒಂದಿತ್ತು, ಎಲ್ಲ ಸಭೆಯೂ ದಾವಣಗೆರೆಯಲ್ಲೇ ಯಾಕೆ ಅಂತ. ರಾತ್ರಿ ಒಂಬತ್ತರ ಸಭೆ ಮುಗಿಸಿ ಅರವತ್ತು ಕಿಲೋಮೀಟರ್ ವಾಪಸ್ ಹೋಗೋದು ಅಂದರೆ ಸುಮ್ನೆ ಅಲ್ಲ. ಹೊಸ ಸಮಿತಿ ಒಂದು ಸಭೆ ಇಲ್ಲಿ, ಒಂದು ಸಭೆ ಅಲ್ಲಿ ಅಂತ ಮಾಡಿದೆ. ಹೋಗಿ ಬರುವ ಖರ್ಚು ಸಂಘದ್ದು. ಮೊನ್ನೆ ಹೊಸ ಖಜಾಂಚಿ ಫೋನ್ ಮಾಡಿದ್ದ.

"ಅಕ್ಕಾ, ಬಸ್ ಚಾರ್ಜು ಯಾವ ಹೆಡ್‌ನಲ್ಲಿ ಬರೀಲಿ?"

"ಪ್ರಯಾಣ ವೆಚ್ಚ. ಓಚರ್ ಮಾಡಿ ಟಿಕೆಟ್ ಅಂಟಿಸು."

"ಹೆಂಗಸರದ್ದು ಶಕ್ತಿ ಯೋಜನೆ ಟಿಕೆಟ್ ಅಕ್ಕಾ, ಸೊನ್ನೆ ರೂಪಾಯಿ. ಅದನ್ನೂ ಅಂಟಿಸಬೇಕಾ?"

"ಬೇಡ ಮಾರಾಯ" ಅಂದೆ. ಅವನು ಆಗಲೇ ಅಂಟಿಸಿದ್ದನಂತೆ.